ಹಳೇ ನ್ಯಾರೋ ಗೇಜ್ ಸ್ಟೀಮ್ ಇಂಜಿನ್ ಬಿಚ್ಚೋಕೆ ಕೈ ಹಾಕೋ ಮುಂಚೆ

ನಾನು ಇಂಗ್ಲೆಂಡಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ತಿಂಗಳಿಗೆ ಎರಡು ಶನಿವಾರ ವೇಲ್ಸಲ್ಲಿ ಹಳೇ ಸ್ಟೀಮ್ ಇಂಜಿನ್ ರಿಪೇರಿ ಮಾಡೋ ಒಂದು ಶೆಡ್ಡಿಗೆ ಹೋಗಿ ಮೈಯೆಲ್ಲ ಮಸಿ ಮಾಡ್ಕೊಂಡು ಬರ್ತೀನಿ. ಎಷ್ಟು ಕೊಡ್ತಾರೆ ಅಂತ ಊರಿಂದ ಅಮ್ಮ ಕೇಳ್ತಾರೆ, ಏನೂ ಕೊಡಲ್ಲ, ಮೆಂಬರ್‌ಶಿಪ್ ದುಡ್ಡು ನಾವೇ ಕಟ್ಬೇಕು ಅಂದ್ರೆ ಫೋನಲ್ಲೇ ನಿಟ್ಟುಸಿರು. ಈ ಹುಚ್ಚು ಇಲ್ಲಿ ಹೊಸದಲ್ಲ, 1951ರಲ್ಲಿ ಮುಚ್ಚೋಕೆ ಬಂದಿದ್ದ ವೇಲ್ಸಿನ ಟ್ಯಾಲಿಲ್ಲಿನ್ ರೈಲ್ವೆಯನ್ನ ಲೇಖಕ ಟಾಮ್ ರೋಲ್ಟ್ ಮತ್ತವರ ಜೊತೆಗಾರರು ಕೈಗೆತ್ಕೊಂಡು ಓಡಿಸಿದ್ರು, ಸ್ವಯಂಸೇವಕರು ಉಳಿಸ್ಕೊಂಡ ಜಗತ್ತಿನ ಮೊದಲನೇ ರೈಲು ಅದು. ಆಗ ಅವರ ಹತ್ರ ಓಡೋ ಸ್ಥಿತೀಲಿ ಇದ್ದಿದ್ದು ಡೋಲ್ಗೋಖ್ ಅನ್ನೋ 1866ರ ಇಂಜಿನ್ ಒಂದೇ.

ನ್ಯಾರೋ ಗೇಜ್, ಅಂದ್ರೆ ಎರಡು ಹಳಿ ನಡುವೆ ಅಂತರ ಕಮ್ಮಿ ಇರೋದು, ಯಾಕೆ ಅಂದ್ರೆ ಸಾಮಾನು ಸಣ್ಣದು. ನಮ್ಮ ಕಡೆ ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ಹಿಂದೆ ಓಡ್ತಿದ್ದ ಎರಡೂವರೆ ಅಡಿ ಗೇಜಿನ ರೈಲು ತಾತಂದಿರಿಗೆ ನೆನಪಿರತ್ತೆ, ಇಲ್ಲಿನವು ಹೆಚ್ಚಿನವು ಅದಕ್ಕಿಂತ ಪುಟ್ಟವು, ಟ್ಯಾಲಿಲ್ಲಿನ್ ಹಳಿ 2 ಅಡಿ 3 ಇಂಚು ಅಷ್ಟೇ.

ಮೊದಲನೇ ದಿನ ಹೋದ ತಕ್ಷಣ ನಿಮ್ಮ ಕೈಗೆ ಪಾನ ಕೊಡಲ್ಲ, ಕಾಟನ್ ವೇಸ್ಟ್ ಕೊಡ್ತಾರೆ. ಬೇಜಾರಾಗ್ಬೇಡಿ, ಒರೆಸೋವಾಗ್ಲೇ ಬಿರುಕು ಕಣ್ಣಿಗೆ ಬೀಳೋದು, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ತಲೇಲಿ ಕೂರೋದೂ ಆಗ್ಲೇ. ಸ್ಟೀಲ್ ಟೋ ಇರೋ ಬೂಟು ಮಾತ್ರ ಮರೀಬೇಡಿ. ಬಾಯ್ಲರ್ ಸುತ್ತ ಹಳೇ ಬಿಳಿ ಲ್ಯಾಗಿಂಗ್ (ಶಾಖ ಹೊರಗೆ ಹೋಗದ ಹಾಗೆ ಸುತ್ತೋ ಹೊದಿಕೆ) ಕಂಡ್ರೆ ಕೈ ಹಿಂದಕ್ಕೆ ತಗೊಳ್ಳಿ, ಅದು ಆಸ್ಬೆಸ್ಟಾಸ್ ಇರಬಹುದು, ಟೆಸ್ಟ್ ಮಾಡ್ಸಿ ಲೈಸೆನ್ಸ್ ಇರೋರ ಕೈಲೇ ತೆಗೆಸ್ಬೇಕು. ಇದರಲ್ಲಿ ಧೈರ್ಯ ತೋರ್ಸೋರನ್ನ ನಾನು ದಡ್ಡರು ಅಂತೀನಿ.

ಈಗ ಬಿಚ್ಚೋ ವಿಷಯ. ಬಿಚ್ಚೋರು ಒಬ್ರು, ಏಳೆಂಟು ವರ್ಷ ಆದ್ಮೇಲೆ ಜೋಡ್ಸೋರು ಇನ್ನೊಬ್ರು, ಇದು ಮಾತ್ರ ತಲೇಲಿ ಇಟ್ಕೊಳ್ಳಿ, ಮಿಕ್ಕಿದ್ದೆಲ್ಲ ಕಲೀಬಹುದು. ಒಂದೊಂದು ಭಾಗ ತೆಗೆಯೋ ಮುಂಚೆ ಫೋಟೋ, ತೆಗೆದ್ಮೇಲೆ ತಗಡಿನ ಬಿಲ್ಲೆ ಮೇಲೆ ನಂಬರ್ ಕುಟ್ಟಿ ತಂತೀಲಿ ಕಟ್ಟೋದು, ಅದೇ ನಂಬರ್ ಪುಸ್ತಕದಲ್ಲಿ ಎಡಗಡೆದೋ ಬಲಗಡೆದೋ, ಎಷ್ಟು ಸವೆದಿದೆ, ಯಾವ ಬೋಲ್ಟ್ ಎಲ್ಲಿತ್ತು ಅಂತ ಬರೆಯೋದು. ನಾನು ಮೊದಲು ಮಾಸ್ಕಿಂಗ್ ಟೇಪ್ ಮೇಲೆ ಪೆನ್ನಲ್ಲಿ ಬರ್ದಿದ್ದೆ, ಎಣ್ಣೆ ಬಿದ್ದು ಎರಡೇ ತಿಂಗಳಿಗೆ ಎಲ್ಲ ಅಳಿಸೋಯ್ತು, ಒಂದೇ ಥರ ಕಾಣೋ ಹನ್ನೊಂದು ಹಿತ್ತಾಳೆ ಯೂನಿಯನ್, ಅಂದ್ರೆ ಪೈಪ್ ಜೋಡಿಸೋ ತುಂಡು, ಎಲ್ಲೆಲ್ಲಿದು ಅಂತ ಹುಡುಕ್ತಾ ಮೂರು ಶನಿವಾರ ಹೋಯ್ತು, ಅಲ್ಲಿರೋ ಎಪ್ಪತ್ತು ದಾಟಿದ ಫಿಟ್ಟರ್ ಅಜ್ಜ (ಹೆಸರು ಹಿಡಿದು ಕರೀಬೇಕಂತೆ, ನನಗೆ ಇವತ್ತಿಗೂ ನಾಲಿಗೆ ಬರಲ್ಲ) ಒಂದು ಮಾತೂ ಬೈಲಿಲ್ಲ, ಬಿಲ್ಲೆ ಕುಟ್ಟೋ ಪಂಚ್ ಸೆಟ್ ತಂದು ನನ್ನ ಮುಂದೆ ಇಟ್ಟು ಹೋದ್ರು.

ಇನ್ನೊಂದು, ಇದರ ಬೋಲ್ಟ್‌ಗಳು ವಿಟ್ವರ್ತ್, ಅಂದ್ರೆ ಹಳೇ ಬ್ರಿಟಿಷ್ ಇಂಚಿನ ಅಳತೆಯವು, ಮಿಲಿಮೀಟರ್ ಪಾನ ಹಾಕಿದ್ರೆ ನಟ್ಟಿನ ಮೂಲೆ ಉಂಡೆ ಆಗೋಗತ್ತೆ. ವಿಟ್ವರ್ತ್ ಪಾನದ ಮೇಲೆ ಬರೆದಿರೋದು ಬೋಲ್ಟಿನ ದಪ್ಪ, ನಟ್ಟಿನ ಅಗಲ ಅಲ್ಲ, ಹೊಸಬರೆಲ್ಲ ಇಲ್ಲೇ ಎಡವೋದು. ಬಿಗಿಯಾಗಿದ್ರೆ ಎಣ್ಣೆ ಬಿಟ್ಟು ರಾತ್ರಿ ಹಾಗೇ ಬಿಡಿ, ಬಗ್ಗದಿದ್ರೆ ಕಾಯ್ಸಿ.

ಬಾಯ್ಲರ್‌ದೇ ದೊಡ್ಡ ಕಥೆ. ಇಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಂದ್ಸಲ ಬೆಂಕಿಯ ಬಿಸಿ ಗಾಳಿಯನ್ನ ನೀರಿನ ನಡುವೆ ಒಯ್ಯೋ ಟ್ಯೂಬೆಲ್ಲ ಕಿತ್ತು ಒಳಗಡೆ ನೋಡ್ಬೇಕು. ಬೆಂಗಳೂರು ಬೋರ್ ನೀರಿಗೆ ಗೀಜರ್ ಕಾಯಿಲ್ ಮೇಲೆ ಬಿಳಿ ಪದರ ಕೂರತ್ತಲ್ಲ, ಟ್ಯೂಬ್ ಮೇಲೂ ಅದೇ ಕಥೆ, ಅದು ದಪ್ಪ ಆದಷ್ಟೂ ಬೆಂಕಿ ಶಾಖ ನೀರಿಗೆ ಹೋಗಲ್ಲ, ಲೋಹ ಸುಡತ್ತೆ. ಫೈರ್‌ಬಾಕ್ಸ್ ಅಂದ್ರೆ ಬೆಂಕಿ ಉರಿಯೋ ಜಾಗ, ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ನೀರು, ಎರಡನ್ನೂ ಹಿಡಿದಿರೋದು ನೂರಾರು ಸ್ಟೇ ಅನ್ನೋ ಸರಳು. ಸಂತೇಲಿ ಮಡಿಕೆ ತಗೊಳ್ಳೋವಾಗ ಬೆರಳಲ್ಲಿ ತಟ್ಟಿ ಕೇಳ್ತಾರಲ್ಲ, ಹಾಗೇ ಸಣ್ಣ ಸುತ್ತಿಗೇಲಿ ಒಂದೊಂದೂ ತಟ್ಟಿ, ಮುರಿದಿದ್ರೆ ಸದ್ದು ಮಂಕಾಗಿರತ್ತೆ, ಆದ್ರೆ ಕಿವಿ ಪಳಗೋಕೆ ಕಾಲ ಬೇಕು, ಹಳಬರ ಜೊತೇಲೇ ತಟ್ಟಿ. ತಗಡು ಎಲ್ಲಿ ತೆಳುವಾಗಿದೆ ಅಂತ ಅಲ್ಟ್ರಾಸೌಂಡ್ ಮೀಟರ್ ಹೇಳತ್ತೆ. ಫೈರ್‌ಬಾಕ್ಸ್ ಒಳಗೆ ಇಳಿಯೋವಾಗ ಹೊರಗಡೆ ಒಬ್ರು ನಿಂತಿರ್ಲೇಬೇಕು. ಅದರ ಮೇಲ್ಭಾಗದಲ್ಲಿ ಸೀಸ ತುಂಬಿದ ಪ್ಲಗ್ ಇರತ್ತೆ, ಕುಕ್ಕರ್ ಮುಚ್ಚಳದ ಸೇಫ್ಟಿ ವಾಲ್ವ್ ಥರಾನೇ, ನೀರು ಕಮ್ಮಿಯಾದ್ರೆ ಕರಗಿ ಎಚ್ಚರಿಕೆ ಕೊಡತ್ತೆ, ಅದನ್ನ ಹೊಸದು ಹಾಕಿ, ಜಿಪುಣತನ ಬೇಡ.

ಜೋಡಿಸಿದ್ಮೇಲೆ ಮೊದಲು ನೀರಿನ ಟೆಸ್ಟ್. ಬಾಯ್ಲರ್ ತುಂಬ ತಣ್ಣೀರು, ಒಂಚೂರೂ ಗಾಳಿ ಉಳೀಬಾರ್ದು, ಆಮೇಲೆ ಪಂಪಲ್ಲಿ ಕೆಲಸದ ಒತ್ತಡದ ಸುಮಾರು ಒಂದೂವರೆ ಪಟ್ಟು. ನೀರು ಕುಗ್ಗಲ್ಲ, ಹಾಗಾಗಿ ಎಲ್ಲಾದ್ರೂ ಸೋತ್ರೆ ಬರೀ ಪಿಚಕಾರಿ, ಹಬೆ ಆಗಿದ್ರೆ ಶೆಡ್ಡೇ ಹಾರೋಗತ್ತೆ. ಇನ್ಸ್‌ಪೆಕ್ಟರ್ ಎದುರೇ ಮಾಡ್ಬೇಕು, ಅವರು ಸರಿ ಅನ್ನದೆ ಕಲ್ಲಿದ್ದಲು ಮುಟ್ಟೋ ಹಾಗಿಲ್ಲ.

ಗಾಲಿ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಬರೀ ಗಾಲಿ ಅಳೆದು ಸುಮ್ಮನಾಗ್ಬೇಡಿ, ಹಳೀನೂ ಅಳೀರಿ. ಟ್ಯಾಲಿಲ್ಲಿನ್‌ನೋರು ಕೋರಿಸ್ ರೈಲ್ವೆಯಿಂದ ಸರ್ ಹೇಡನ್ ಅನ್ನೋ ಇಂಜಿನ್ ತಂದು ಓಡ್ಸಿದಾಗ ಅದರ ಗಾಲಿ ಅಂಚು ಕಿರಿದು, ಇವರ ಹಳಿ ನಡುವಿನ ಅಂತರ ಇರ್ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಇಂಜಿನ್ ಹಳಿ ನಡುವೆ ಇಳಿದು ಕೂತಿತು. ಪೇಂಟ್ ಬಗ್ಗೆ ನಾನೇನೂ ಹೇಳಲ್ಲ, ಪೇಂಟಿಗೆ ಜನ ತಾವಾಗೇ ಬರ್ತಾರೆ.

ಬೆಂಕಿ ಹಚ್ಚೋ ದಿನ ಎಲ್ಲಕ್ಕಿಂತ ಮೊದಲು ಬಾಯ್ಲರಲ್ಲಿ ನೀರು ಎಷ್ಟಿದೆ ಅಂತ ತೋರ್ಸೋ ಎರಡೂ ಗೇಜ್ ಗ್ಲಾಸಲ್ಲಿ ನೀರು ನೋಡಿ, ಒಂದನ್ನೇ ನಂಬ್ಬೇಡಿ. ಸೌದೆ, ಸೀಮೆಎಣ್ಣೆ ಬಟ್ಟೆ, ಸಣ್ಣ ಉರಿ, ಅಷ್ಟೇ. ತಣ್ಣಗಿರೋ ಬಾಯ್ಲರಿಗೆ ಒಂದೇ ಸಲ ಕಲ್ಲಿದ್ದಲು ಸುರಿದ್ರೆ ಫೈರ್‌ಬಾಕ್ಸಿನ ತಾಮ್ರ ಒಂದು ಲೆಕ್ಕದಲ್ಲಿ ಹಿಗ್ಗತ್ತೆ, ಬಾಯ್ಲರಿನ ಉಕ್ಕು ಇನ್ನೊಂದು ಲೆಕ್ಕದಲ್ಲಿ, ಟ್ಯೂಬ್ ತುದಿ ಸೋರೋಕೆ ಶುರು. ನಾವು ಹಿಂದಿನ ದಿನವೇ ಸಣ್ಣಗೆ ಬೆಚ್ಚಗೆ ಮಾಡಿ ಬಿಡ್ತೀವಿ, ಮಾರನೇ ದಿನ ಒತ್ತಡ ಏರ್ತಾ ಹೋದ ಹಾಗೆ ಸುತ್ತ ಟಾರ್ಚ್ ಹಿಡ್ಕೊಂಡು ತಿರುಗಿ, ತೊಟ್ಟಿಕ್ಕೋ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒತ್ತಡ ಇರೋವಾಗ ನಟ್ ಬಿಗಿ ಮಾಡೋಕೆ ಹೋಗ್ಬೇಡಿ. ಬೆಂಕಿ ಆರಿಸಿ, ತಾನಾಗೇ ತಣ್ಣಗಾಗೋಕೆ ಬಿಟ್ಟು, ಗುರುತಿನ ಪಕ್ಕ ಬಿಲ್ಲೆ ನಂಬರನ್ನೂ ಪುಸ್ತಕದಲ್ಲಿ ಬರೆದು ಮನೆಗೆ ಹೋಗಿ, ಬೆಳಗ್ಗೆ ಪಾನ ಹಿಡಿಯೋದು ನೀವೇ ಅಂತೇನೂ ಇಲ್ಲ.