ಲಿನಕ್ಸ್ ಟೂಲ್ ಒಂದನ್ನು ವಿಂಡೋಸ್‌ಗೆ ತಂದ ಅನುಭವ

ಕನ್ನಡ ಫೈಲುಗಳ ದೊಡ್ಡ ರಾಶಿಯಲ್ಲಿ ಪದ ಹುಡುಕಿಕೊಡುವ ಪುಟ್ಟ ಓಪನ್ ಸೋರ್ಸ್ ಟೂಲ್ ಅದು. ಸಿ ಭಾಷೆಯಲ್ಲಿದೆ, ಲಿನಕ್ಸ್ ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇಕಾಗಿದ್ದದ್ದು ಪುಸ್ತಕಗಳ ಕರಡು ತಿದ್ದುವವರಿಗೆ. ಅವರ ಮೇಜಿನ ಮೇಲೆಲ್ಲ ವಿಂಡೋಸ್.

‘ಡಬ್ಲ್ಯೂಎಸ್‌ಎಲ್ ಹಾಕಿಕೊಟ್ಟರೆ ಮುಗೀತಲ್ವಾ?’ ಎಂದರು ಗೆಳೆಯರು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ ಅದು. ಅದನ್ನು ಆನ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಸಣ್ಣ ಆಫೀಸುಗಳಲ್ಲಿ ಅದು ಯಾರ ಹತ್ತಿರ ಇರುತ್ತದೋ ದೇವರೇ ಬಲ್ಲ. ಸಿಗ್ವಿನ್ ಇನ್ನೊಂದು ದಾರಿ. ಅದು ಯುನಿಕ್ಸ್ ಕರೆಗಳನ್ನು ತನ್ನದೇ ಡಿಎಲ್‌ಎಲ್ ಮೂಲಕ ನಡೆಸಿಕೊಡುತ್ತದೆ. ಆದರೆ ಅಲ್ಲಿ ಫೋರ್ಕ್ (ಓಡುತ್ತಿರುವ ಪ್ರೋಗ್ರಾಮಿನ ನಕಲು ತೆಗೆಯುವುದು) ತುಂಬಾ ನಿಧಾನ, ಈ ಟೂಲೋ ಫೈಲಿಗೊಂದು ಫೋರ್ಕ್ ಮಾಡುತ್ತಿತ್ತು. ಹಾಗಾಗಿ ನೇರ ವಿಂಡೋಸ್ ಪ್ರೋಗ್ರಾಂ ಆಗಿಯೇ ಕಟ್ಟೋಣ ಎಂದುಕೊಂಡು, ಅದಕ್ಕೆ ಬೇಕಾದ ಕಂಪೈಲರ್ ಮತ್ತಿತರ ಸಲಕರಣೆಗಳ ಕಟ್ಟಾದ ಎಂಎಸ್‌ವೈಎಸ್2 ಹಾಕಿಕೊಂಡೆ.

ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ. ಅಲ್ಲಿನ ಕ್ರಿಯೇಟ್‌ಪ್ರೋಸೆಸ್ ಕರೆ ಹೊಸ ಪ್ರೋಗ್ರಾಂ ಶುರು ಮಾಡುತ್ತದೆ, ಓಡುತ್ತಿರುವುದರ ನಕಲು ತೆಗೆಯುವುದಿಲ್ಲ. ಅನುಕರಿಸುವ ಗೋಜಿಗೆ ಹೋಗದೆ ಆ ಭಾಗವನ್ನೇ ಕಿತ್ತು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸಗಳು) ಹಾಕಿದೆ. ಲಿನಕ್ಸ್‌ನಲ್ಲೂ ಕೋಡ್ ಚಿಕ್ಕದಾಯಿತು.

ಕಂಪೈಲ್ ಆಯಿತು. ನಿಜವಾದ ತಲೆನೋವು ಶುರುವಾದದ್ದು ಆಮೇಲೆ.

ಪಠ್ಯವನ್ನೇನೋ ಸರಿಯಾಗಿಯೇ ಓದುತ್ತಿತ್ತು, ತಾನೇ ಬರೆದ ಇಂಡೆಕ್ಸ್ ಫೈಲ್ ಮಾತ್ರ ಕೆಡುತ್ತಿತ್ತು. ವಿಂಡೋಸ್‌ನಲ್ಲಿ ಫೈಲ್ ತೆರೆದರೆ ಸುಮ್ನೆ ಟೆಕ್ಸ್ಟ್ ಮೋಡ್ ಆಗುತ್ತದೆ. ಆಗ 10 ಎಂಬ ಬೈಟ್ ಬರೆದರೆ ಅದಕ್ಕೆ ಮೊದಲು 13 ತಾನಾಗಿ ಸೇರಿಕೊಳ್ಳುತ್ತದೆ. ಓದುವಾಗ 26 ಸಿಕ್ಕರೆ ಫೈಲ್ ಮುಗಿಯಿತು ಎಂದು ನಿಂತುಬಿಡುತ್ತದೆ; ಇದು ಕಂಟ್ರೋಲ್-ಝಡ್, ಡಾಸ್ ಕಾಲದ ಪಳೆಯುಳಿಕೆ. ಯುಟಿಎಫ್-8ರಲ್ಲಿ ಕನ್ನಡ ಅಕ್ಷರಗಳ ಬೈಟುಗಳೆಲ್ಲ 127ರ ಮೇಲೆಯೇ ಇರುವುದರಿಂದ ಪಠ್ಯಕ್ಕೆ ಏನೂ ಆಗುತ್ತಿರಲಿಲ್ಲ. ಇಂಡೆಕ್ಸಿನಲ್ಲಿರುವ ಅಂಕಿಗಳು ಹಾಗಲ್ಲವಲ್ಲ. ಫೈಲ್ ತೆರೆಯುವ ಎಫ್‌ಓಪನ್‌ಗೆ ಒಂದು ‘ಬಿ’ (ಬೈನರಿ) ಸೇರಿಸಿದರೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಫೈಲುಗಳ ಹೆಸರು. ‘ಅಧ್ಯಾಯ ಒಂದು’ ಎಂಬ ಹೆಸರು ಕೊಟ್ಟರೆ ಟೂಲಿಗೆ ತಲುಪುತ್ತಿದ್ದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಳೆಯ ರೀತಿಯ ಪ್ರೋಗ್ರಾಂಗಳಿಗೆ ವಿಂಡೋಸ್ ಹೆಸರುಗಳನ್ನು ಎಎನ್‌ಎಸ್‌ಐ ಕೋಡ್‌ಪೇಜಿಗೆ (ಆಯಾ ಭಾಷೆಗಳ ಹಳೆಯ ಅಕ್ಷರಸಂಕೇತ ಪಟ್ಟಿ) ಬದಲಿಸಿ ಕೊಡುತ್ತದೆ. ರಷ್ಯನ್‌ಗೆ 1251, ಜಪಾನೀಗೆ 932 ಇವೆ. ಕನ್ನಡಕ್ಕೆ ಅಂಥದ್ದೇ ಇಲ್ಲ, ವಿಂಡೋಸ್‌ನಲ್ಲಿ ಕನ್ನಡ ಯುನಿಕೋಡ್ ಆಗಿ ಮಾತ್ರ ಇದೆ. ಅಂದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿ ಉಪಯೋಗವಿಲ್ಲ. ಹಳೆಯ ಉಪಾಯವೆಂದರೆ ಪ್ರತಿಯೊಂದು ಕರೆಯನ್ನೂ ಯುನಿಕೋಡ್ ಹೆಸರು ಒಪ್ಪುವ ‘ವೈಡ್’ ರೂಪಕ್ಕೆ ಬದಲಿಸುವುದು. ಅಷ್ಟೊಂದು ಕೆದಕಿದರೆ ಮೂಲ ಲೇಖಕರು ಪ್ಯಾಚ್ (ತಿದ್ದುಪಡಿ) ಒಪ್ಪುವುದು ಅನುಮಾನ. ಪುಣ್ಯಕ್ಕೆ 2019ರ ವಿಂಡೋಸ್ 10, 1903 ಆವೃತ್ತಿಯಿಂದ ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ (ಅದರ ಅಗತ್ಯಗಳನ್ನು ವಿಂಡೋಸ್‌ಗೆ ತಿಳಿಸುವ ಪುಟ್ಟ ಟಿಪ್ಪಣಿ) ‘ಆಕ್ಟಿವ್ ಕೋಡ್‌ಪೇಜ್ ಯುಟಿಎಫ್-8’ ಎಂದು ಬರೆದರೆ ಸಾಕು. ಸಿ ಕೋಡ್ ಮುಟ್ಟುವುದೇ ಬೇಡ. ಅದಕ್ಕೂ ಹಿಂದಿನ ವಿಂಡೋಸ್‌ಗಳನ್ನು ನಾನು ಕೈಬಿಟ್ಟೆ.

ಇಂಡೆಕ್ಸ್ ಹೊಸದಾಗಿ ಬರೆದ ಮೇಲೆ ಹಳೆಯದರ ಜಾಗಕ್ಕೆ ರೀನೇಮ್ ಮಾಡುವುದು ಯುನಿಕ್ಸ್ ಪದ್ಧತಿ. ವಿಂಡೋಸ್‌ನಲ್ಲಿ ಆ ಹೆಸರಿನ ಫೈಲ್ ಮೊದಲೇ ಇದ್ದರೆ ಸಿ ಲೈಬ್ರರಿಯ ರೀನೇಮ್ ಸೋಲುತ್ತದೆ. ಬದಲಿಗೆ ವಿಂಡೋಸ್‌ನದೇ ಮೂವ್‌ಫೈಲ್‌ಎಕ್ಸ್ ಕರೆ ಬಳಸಬೇಕು. ಅದೂ ಕೆಲವೊಮ್ಮೆ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ, ಏಕೆಂದರೆ ಅದೇ ಕ್ಷಣದಲ್ಲಿ ಆಂಟಿವೈರಸ್ ಆ ಫೈಲನ್ನು ತೆರೆದು ನೋಡುತ್ತಿರುತ್ತದೆ! ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುವುದೇ ಪರಿಹಾರ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕೂಡ ಹಾಗೇ ಮಾಡುತ್ತದೆ. ಇಂಥ ಕೆಲಸಕ್ಕೆ ಇಳಿಯುವವರು ಗಿಟ್‌ನ ‘ಕಂಪ್ಯಾಟ್’ ಫೋಲ್ಡರಿನಲ್ಲಿರುವ ಮಿಂಗ್‌ಡಬ್ಲ್ಯೂ ಫೈಲನ್ನು ಒಮ್ಮೆ ಓದಿ. ನೀವು ಎಡವಬಹುದಾದ ಕಲ್ಲುಗಳನ್ನೆಲ್ಲ ಅವರು ಮೊದಲೇ ಎಡವಿ ನೋಡಿದ್ದಾರೆ.

ವಿಂಡೋಸ್‌ಗೆ ಸಂಬಂಧಪಟ್ಟದ್ದನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಮೂಲ ಲೇಖಕರಿಗೆ ಕಳಿಸಿದೆ. ಅವರ ಹತ್ತಿರ ವಿಂಡೋಸ್ ಇಲ್ಲ. ಅದಕ್ಕೆ ಗಿಟ್‌ಹಬ್‌ನ ವಿಂಡೋಸ್ ಯಂತ್ರದಲ್ಲಿ ಪ್ರತಿ ಬದಲಾವಣೆಗೂ ಟೆಸ್ಟ್ ಓಡುವಂತೆ ಮಾಡಿಕೊಟ್ಟಿದ್ದೇನೆ. ಟೆಸ್ಟ್ ಫೈಲುಗಳ ಹೆಸರೆಲ್ಲ ಕನ್ನಡದಲ್ಲೇ ಇವೆ, ಬೇಕೆಂದೇ ನಡುವೆ ಸ್ಪೇಸ್ ಬಿಟ್ಟು.