ಪಟ್ಟಿ ಅಂಟಿಸುವುದು ಒಳ್ಳೆಯ ಕಣ್ಣಿಗೆ

ನನ್ನ ಮಗಳಿಗೆ ಮಂದದೃಷ್ಟಿ, ಅಂದರೆ ಮಿದುಳು ಒಂದು ಕಣ್ಣನ್ನು ಸರಿಯಾಗಿ ಬಳಸದ ತೊಂದರೆ, ಇರುವುದು ಎಡಗಣ್ಣಿನಲ್ಲಿ; ಕಣ್ಣು ಮುಚ್ಚುವ ಪಟ್ಟಿ ಬಲಗಣ್ಣಿಗೆ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದರೆ ಮಿದುಳು ಇನ್ನೊಂದನ್ನು ಬಳಸಲು ಕಲಿಯುತ್ತದೆ. ನಮಗೆ ದಿನಕ್ಕೆ 2 ಗಂಟೆ. ನಿಮಗೆಷ್ಟೆಂದು ವೈದ್ಯರೇ ಹೇಳಬೇಕು.

ಚರ್ಮಕ್ಕೇ ಅಂಟಿಸಿ, ಮೇಲೆ ಕನ್ನಡಕ ಹಾಕಿ. ಗಾಜಿಗೆ ಅಂಟಿಸಿದರೆ ಮಗು ಸಂದಿಯಿಂದ ಇಣುಕುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಮುಖವೆಲ್ಲ ಜಿಗುಟು, ಒಣಬಟ್ಟೆಯಲ್ಲಿ ಒರೆಸಿಯೇ ಅಂಟಿಸುತ್ತೇನೆ. ತೆಗೆಯುವಾಗ ಅಂಚಿಗೆ ತುಸು ಕೊಬ್ಬರಿ ಎಣ್ಣೆ ಸವರಿದರೆ ಹುಬ್ಬಿನ ಕೂದಲು ಕಿತ್ತುಬರುವುದಿಲ್ಲ.

ಮೊದಲ ವಾರ ಅತ್ತು ರಂಪ ಮಾಡಿದಳು, ನನ್ನ ಕರುಳು ಹಿಂಡಿತು. ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂರಿಸಿ ಅಬ್ಬಲಿಗೆ ಹೂ ಜೋಡಿಸಲು ಕೊಟ್ಟೆವು. ಈಗ ಒಂದೊಂದೇ ತೊಟ್ಟನ್ನು ಮೂಗಿನ ಹತ್ತಿರ ಹಿಡಿದು ಸಾಲು ಮಾಡುತ್ತಾಳೆ.

ತಪಾಸಣೆ ತಪ್ಪಿಸಬೇಡಿ, ಮುಚ್ಚುವುದು ಅತಿಯಾದರೆ ಒಳ್ಳೆಯ ಕಣ್ಣೂ ಮಂಕಾಗಬಹುದು.