ಆರ್ಕೆಸ್ಟ್ರಾ ಬಿಟ್ಟು ಮೂರೇ ವಾದ್ಯ ಹಿಡಿದೆ, ಪೋರ್ಟ್‌ಫೋಲಿಯೋ ಗೆದ್ದಿತು

ಕಂಪೋಸಿಷನ್ (ಸಂಗೀತ ರಚನೆ) ಡಿಗ್ರಿಯ ಕೊನೆಯ ಪೋರ್ಟ್‌ಫೋಲಿಯೋ ಅಂದ್ರೆ ಆರ್ಕೆಸ್ಟ್ರಾ ಕೃತಿ ಇರಲೇಬೇಕು ಅಂತ ಕ್ಲಾಸಿನವರೆಲ್ಲ ನಂಬಿದ್ದರು. ನಾನು ಬರೆದದ್ದು ಫ್ಲೂಟ್, ಕ್ಲಾರಿನೆಟ್, ವಿಯೋಲಾಗೆ (ವಯಲಿನ್‌ಗಿಂತ ತುಸು ದೊಡ್ಡ, ತಗ್ಗಿನ ದನಿಯ ವಾದ್ಯ). ‘ಇಷ್ಟು ಚಿಕ್ಕದಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ?’ ಅಂದರು. ಬ್ಯಾಚಿನಲ್ಲಿ ಎಲ್ಲರಿಗಿಂತ ಜಾಸ್ತಿ ಬಂದದ್ದು ಅದಕ್ಕೇ.

ಆರ್ಕೆಸ್ಟ್ರಾ ಬರೆದವರಿಗೆ ವರ್ಷಕ್ಕೊಮ್ಮೆ ಇಪ್ಪತ್ತು ನಿಮಿಷದ ರೀಡಿಂಗ್ (ವಾದಕರು ಕೃತಿಯನ್ನು ನುಡಿಸಿ ನೋಡುವುದು) ಸಿಕ್ಕರೆ ದೊಡ್ಡದು. ಉಳಿದ ದಿನ ಕಂಪ್ಯೂಟರ್ ಕೇಳಿಸುವ ಪ್ಲೇಬ್ಯಾಕೇ ಗತಿ. ನನಗೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ನುಡಿಸುವವರು ಎದುರಿಗೇ ಕೂರುತ್ತಿದ್ದರು.

ಕೃತಿಯ ಎರಡನೇ ಮೂವ್‌ಮೆಂಟ್‌ನಲ್ಲಿ (ಭಾಗದಲ್ಲಿ) ಫ್ಲೂಟಿಗೆ ಮಿಡಲ್ ಸಿ ಆಸುಪಾಸಿನ, ಅಂದ್ರೆ ಅದರ ತೀರಾ ಕೆಳಗಿನ ಸ್ವರಗಳ, ಮೆಲೊಡಿ ಕೊಟ್ಟಿದ್ದೆ. ಸ್ಪೀಕರಿನಲ್ಲಿ ಸ್ಫಟಿಕದಷ್ಟು ಸ್ಪಷ್ಟ. ರೂಮಿನಲ್ಲಿ ನುಡಿಸಿದರೆ ಬರೀ ಉಸಿರು ಕೇಳಿಸಿತು. ವಿಯೋಲಾಗೆ ದನಿ ತಗ್ಗಿಸುವ ಮ್ಯೂಟ್ ಹಾಕಿಸಿದೆ, ಕ್ಲಾರಿನೆಟ್ಟಿಗೆ ಪಿಯಾನಿಸಿಮೊ (ತೀರಾ ಮೆಲ್ಲಗೆ) ಬರೆದೆ, ಆದರೂ ಆಗಲಿಲ್ಲ. ವಾರಗಟ್ಟಲೆ ಒದ್ದಾಡಿ, ಕೊನೆಗೆ ಮೆಲೊಡಿಯನ್ನು ಕ್ಲಾರಿನೆಟ್ಟಿನ ಕೆಳದನಿಗೆ ಕೊಟ್ಟು, ಫ್ಲೂಟನ್ನು ಎರಡು ಆಕ್ಟೇವ್ ಮೇಲೆ ತೆಳ್ಳಗೆ ಜೊತೆಗಿಟ್ಟೆ. ಆಗ ಸಾಲು ಎದ್ದು ನಿಂತಿತು.

ಫೀಸಿಗಿಂತ ಕೈ ಕಚ್ಚಿದ್ದು ವಾದಕರ ಸಂಭಾವನೆ. ಪಾರ್ಟ್‌ಟೈಮ್ ದುಡಿಮೆಯ ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಮುಯ್ಯಿ ಶುರು ಮಾಡಿದೆ. ಕ್ಲಾರಿನೆಟ್ ಗೆಳತಿಯ ರಿಸೈಟಲ್‌ಗೆ ಪಿಯಾನೋ ರಿಡಕ್ಷನ್ (ಹಲವು ವಾದ್ಯಗಳ ಸಾಲನ್ನು ಒಂದೇ ಪಿಯಾನೋಗೆ ಇಳಿಸಿದ್ದು) ಬರೆದುಕೊಟ್ಟೆ, ಅವಳು ನನ್ನ ರಿಹರ್ಸಲ್‌ಗಳಿಗೆ ಬಂದಳು. ಪಾರ್ಟ್‌ಗಳಲ್ಲಿ (ಒಬ್ಬೊಬ್ಬ ವಾದಕರ ಪ್ರತಿಯಲ್ಲಿ) ಪುಟ ತಿರುಗುವ ಜಾಗಕ್ಕೆ ರೆಸ್ಟ್ (ನುಡಿಸದೆ ಬಿಡುವ ಜಾಗ) ಬರುವಂತೆ ಜೋಡಿಸಿದೆ, ಉದ್ದ ರೆಸ್ಟ್ ಆದಮೇಲೆ ಎಲ್ಲಿ ಸೇರಬೇಕು ಅಂತ ತಿಳಿಯಲು ಬೇರೆ ವಾದ್ಯದ ಸಾಲಿನ ಕ್ಯೂ ಹಾಕಿದೆ. ಎರಡು ಗಂಟೆಯ ರಿಹರ್ಸಲ್ ಸುಮಾರು ಒಂದೂಕಾಲು ಗಂಟೆಗೆ ಇಳಿಯಿತು. ಸಾಫ್ಟ್‌ವೇರಿಗೆ ಒಂದು ಪೈಸೆ ಹಾಕಲಿಲ್ಲ, ಸ್ವರಲಿಪಿ ಬರೆಯುವ ಉಚಿತ ಮ್ಯೂಸ್‌ಸ್ಕೋರ್ ಧಾರಾಳವಾಗಿ ಸಾಕಾಯಿತು.

ನಡುವೆ ಇನ್ನೊಂದು ಗೀಳು ಹತ್ತಿತು. ಆಸ್ಟ್ರಿಯಾದ ಸಂಯೋಜಕ ಹೇಡನ್ 1781ರಲ್ಲಿ ಬರೆದ ಓಪಸ್ 33ರ ಕ್ವಾರ್ಟೆಟ್‌ಗಳಲ್ಲಿ (ಎರಡು ವಯಲಿನ್, ವಿಯೋಲಾ, ಚೆಲ್ಲೋ ಕೃತಿಗಳಲ್ಲಿ) ಮೊದಲ ವಯಲಿನ್ ಮತ್ತು ಚೆಲ್ಲೋ ಸಾಲು ಮಾತ್ರ ಕೈಯಲ್ಲಿ ನಕಲು ಮಾಡಿ, ನಡುವಿನ ಎರಡು ದನಿಗಳನ್ನು ನಾನೇ ತುಂಬುತ್ತಿದ್ದೆ. ಆಮೇಲೆ ಮೂಲದ ಜೊತೆ ಹೋಲಿಸುವುದು. ಅವನು ಎಷ್ಟು ಕಡೆ ಸುಮ್ನೆ ರೆಸ್ಟ್ ಬಿಟ್ಟಿದ್ದಾನೆ ಗೊತ್ತಾ! ನನ್ನ ವಿಯೋಲಾ ಸಾಲು ಅರ್ಧಕ್ಕರ್ಧ ಹಗುರಾದದ್ದು ಈ ಅಭ್ಯಾಸದಿಂದಲೇ.

ಮೂರನೇ ಮೂವ್‌ಮೆಂಟ್‌ನಲ್ಲಿ ವಿಯೋಲಾ ಹಾರ್ಮೋನಿಕ್ಸ್ (ತಂತಿಯನ್ನು ಹಗುರಾಗಿ ಮುಟ್ಟಿ ಹೊರಡಿಸುವ ತೆಳು ಸ್ವರ) ಕ್ಲಾರಿನೆಟ್ಟಿನೊಳಗೆ ಕರಗಿದ್ದು ಹೇಗೆ ಅಂತ ಪರೀಕ್ಷಕರೂ ಕೇಳಿದರು. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ, ಮುಂದಿನ ಕೃತಿಗೆ ಬೇಕು. ಈಗ ಅದೇ ಮೂವರ ಜೊತೆ ಹಾರ್ನ್ (ಹಿತ್ತಾಳೆಯ ಊದುವ ವಾದ್ಯ) ಸೇರಿಸಿದ್ದೇನೆ. ಹಾರ್ನ್ ವಾದಕರು ಮೊದಲ ದಿನವೇ ತುಟಿಗೆ ಬಿಡುವು ಕೇಳಿದರು, ಪ್ರತಿ ಉದ್ದ ಸಾಲು ಆದಮೇಲೆ ನಾಲ್ಕಾರು ಬಾರ್ (ತಾಳದ ಆವರ್ತ) ಖಾಲಿ ಬಿಟ್ಟು ಬರೆಯುತ್ತಿದ್ದೇನೆ.